ಕಥೆ ಬರೆಯುವವರು ಟೆಕ್ ಕೆಲಸಕ್ಕೆ ಬಂದರೆ: ಬರವಣಿಗೆಗೆ ಹತ್ತಿರದ ಕೆಲಸ ಹಿಡಿಯಬೇಕಾ, ದೂರದ್ದಾ?

ಅಲ್ಪವಿರಾಮ

11 ವರ್ಷ ಕಥೆ, ಕಾದಂಬರಿ ಅಂತಲೇ ಬದುಕಿದವಳು ನಾನು. ಅದರಿಂದ ಜೀವನ ನಡೆಯುತ್ತಿರಲಿಲ್ಲ. ಹಾಗಾಗಿ ಕರಡು ತಿದ್ದುವುದು, ಅನುವಾದ, ಯಾರದೋ ಆತ್ಮಕಥೆ ಬರೆದುಕೊಡುವುದು, ಸಿಕ್ಕಿದ್ದೆಲ್ಲ ಮಾಡಿದೆ. 36ನೇ ವಯಸ್ಸಿಗೆ ಒಂದು ಸಾಫ್ಟ್‌ವೇರ್ ಕಂಪನಿ ಸೇರಿದೆ. ಈಗ ಮೂರನೇ ವರ್ಷ. ಬರೆಯುವ ಗೆಳೆಯರು ಕೆಲವರು ಇದೇ ದಾರಿ ಯೋಚಿಸುತ್ತಿದ್ದಾರೆ. ಎಲ್ಲರೂ ಮೊದಲು ಕೇಳುವುದು ಒಂದೇ, "ಬರೆಯೋಕೆ ಟೈಮ್ ಸಿಗುತ್ತಾ?" ನನಗೆ ತೊಂದರೆ ಕೊಟ್ಟದ್ದು ಟೈಮ್ ಅಲ್ಲ. ಅದನ್ನು ಹೇಳಬೇಕು ಅನ್ನಿಸಿತು, ನಿಮ್ಮ ಅನುಭವವೂ ಕೇಳಬೇಕು.

ಮೊದಲು ಸೇರಿದ್ದು ಟೆಕ್ನಿಕಲ್ ರೈಟರ್ ಆಗಿ, ಅಂದರೆ ಸಾಫ್ಟ್‌ವೇರ್ ಬಳಸುವುದು ಹೇಗೆ ಅಂತ ಬರೆದುಕೊಡುವ ಕೆಲಸ. ಬರೆಯುವವಳು ಬರೆಯುವ ಕೆಲಸಕ್ಕೇ ಹೋಗುವುದು ಸಹಜ ಅಲ್ವಾ? ಸಂದರ್ಶನದಲ್ಲೂ ಅದನ್ನೇ ಹೇಳಿದೆ. ಕೆಲಸ ಚೆನ್ನಾಗಿತ್ತು, ಜನ ಒಳ್ಳೆಯವರು, ಸಂಜೆ ಆರಕ್ಕೆ ಮನೆ. ಒಂದೂವರೆ ವರ್ಷ ಆ ಕೆಲಸ ಮಾಡಿದೆ. ಆ ಒಂದೂವರೆ ವರ್ಷದಲ್ಲಿ ಒಂದು ಕಥೆಯೂ ಮುಗಿಯಲಿಲ್ಲ.

ಏನಾಗುತ್ತಿತ್ತು ಅಂದರೆ, ಹಗಲೆಲ್ಲ ಒಂದು ವಾಕ್ಯಕ್ಕೆ ಒಂದೇ ಅರ್ಥ ಬರುವ ಹಾಗೆ ತಿದ್ದುತ್ತಾ ಕೂರುತ್ತಿದ್ದೆ. "ಉಳಿಸಿ ಅನ್ನುವ ಬಟನ್ ಒತ್ತಿ. ಕಡತ ಉಳಿದ ಮೇಲೆ ಹಸಿರು ಗುರುತು ಕಾಣುತ್ತದೆ." ಇದನ್ನು ಯಾರು ಓದಿದರೂ ಬೇರೆ ಅರ್ಥ ಮಾಡಿಕೊಳ್ಳಬಾರದು. ರಾತ್ರಿ ನನ್ನ ಕಥೆ ತೆಗೆಯುತ್ತಿದ್ದೆ. ಆ ಕಥೆಯಲ್ಲಿ ಒಬ್ಬ ಮುದುಕಿ ಇದ್ದಳು, ಗಂಡ ಸಾಯುವ ರಾತ್ರಿ ಅವನ ಮಂಚದ ಪಕ್ಕ ಕೂತಿರುತ್ತಾಳೆ, ಮಗ ಬಾಗಿಲಲ್ಲಿ ನಿಂತಿರುತ್ತಾನೆ. ಅವಳ ಬಾಯಿಂದ ಒಂದು ಮಾತು ಬರಬೇಕು. ನಾನು ಬರೆದದ್ದು ನೋಡಿ: "ಕಿಟಕಿ ಮುಚ್ಚು. ದೀಪ ಸಣ್ಣದು ಮಾಡು. ಆಮೇಲೆ ಒಳಗೆ ಬಾ." ಮುದುಕಿ ಯೂಸರ್ ಗೈಡ್ ಓದುತ್ತಿದ್ದಳು! ಅವಳು ದೀಪದ ಬಗ್ಗೆ ಮಾತಾಡಿದರೆ ಅದು ದೀಪದ ಮಾತು ಮಾತ್ರ ಆಗಿರಬಾರದು. ಆದರೆ ನನ್ನ ಕೈ ಆವತ್ತಿಗಾಗಲೇ ಎಂಟು ಗಂಟೆ ಎರಡನೇ ಅರ್ಥಗಳನ್ನು ಅಳಿಸಿ ಬಂದಿತ್ತು.

ಆಮೇಲೆ ಅದೇ ಕಂಪನಿಯಲ್ಲಿ ಕೇಳಿಕೊಂಡು ಟೆಸ್ಟಿಂಗ್‌ಗೆ ಹೋದೆ, ಅಂದರೆ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವ ಕೆಲಸಕ್ಕೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಅಷ್ಟೊತ್ತಿಗೆ ಸ್ವಲ್ಪ ಕಲಿತಿದ್ದೆ. ಈಗ ದಿನವಿಡೀ ಬರೆಯುವುದು ಟೆಸ್ಟ್ ಸ್ಕ್ರಿಪ್ಟ್, ಸಾಫ್ಟ್‌ವೇರ್ ಸರಿ ಇದೆಯಾ ಅಂತ ಪರೀಕ್ಷಿಸುವ ಕೋಡ್. ಮೊದಲಿಗಿಂತ ಜಾಸ್ತಿ ದಣಿವಾಗುತ್ತದೆ, ಸಂಜೆ ಒಂದು ಗಂಟೆ ತಡವೂ ಆಗುತ್ತದೆ. ಆದರೆ ಎಂಟು ತಿಂಗಳಲ್ಲಿ ಅರ್ಧ ಕಾದಂಬರಿ ಆಯಿತು. ಆ ಮುದುಕಿಯ ಕಥೆಯೂ ಮುಗಿಯಿತು.

ಹಾಗಾಗಿ ನನಗೆ ಅನ್ನಿಸಿದ್ದು ಇದು. ಕಥೆ ಬರೆಯುವವರು ಟೆಕ್ ಕಡೆ ಬರುವುದಾದರೆ ವಾಕ್ಯ ಬರೆಯುವ ಕೆಲಸ ಹಿಡಿಯಬೇಡಿ. ಎಲ್ಲರೂ ಮೊದಲು ಅದನ್ನೇ ಸೂಚಿಸುತ್ತಾರೆ. ದೂರದ್ದನ್ನು ಹಿಡಿಯಿರಿ. ಇದು ನನ್ನೊಬ್ಬಳ ಅನುಭವವಾ, ಬೇರೆಯವರಿಗೂ ಹೀಗೇ ಆಗಿದೆಯಾ?

ಬಗ್‌ಬೇಟೆ

14 ವರ್ಷದಿಂದ ಪ್ರೋಗ್ರಾಮಿಂಗ್ ಮಾಡುತ್ತಿದ್ದೇನೆ, ಕಥೆ ಅದಕ್ಕಿಂತ ಮೊದಲಿಂದ ಬರೆಯುತ್ತಿದ್ದೇನೆ. ನಿಮ್ಮ ಮಾತು ಪೂರ್ತಿ ಒಪ್ಪಲಾರೆ ಅಲ್ಪವಿರಾಮ ಅವರೇ.

ದೊಡ್ಡದೊಂದು ಬಗ್ (ಕೋಡ್‌ನಲ್ಲಿ ಅಡಗಿದ ತಪ್ಪು) ಹಿಂದೆ ಬಿದ್ದಾಗ ತಲೆಯಲ್ಲಿ ಏಳೆಂಟು ಎಳೆ ಒಟ್ಟಿಗೆ ಹಿಡಿದುಕೊಂಡಿರಬೇಕು. ಯಾವ ವೇರಿಯೇಬಲ್ (ಪ್ರೋಗ್ರಾಂ ನೆನಪಿಡುವ ಮಾಹಿತಿ) ಎಲ್ಲಿ ಬದಲಾಯಿತು, ಕೋಡ್‌ನ ಯಾವ ತುಂಡು ಯಾವುದನ್ನು ಕರೆಯಿತು, ಯಾವುದು ಮೊದಲು ಬಂತು. ಕಾದಂಬರಿಯ ನಡುಭಾಗ ಬರೆಯುವಾಗ ಹಿಡಿದುಕೊಳ್ಳುವುದೂ ಇದನ್ನೇ. ಯಾರಿಗೆ ಯಾವ ಗುಟ್ಟು ಗೊತ್ತು, ಯಾರಿಗೆ ಇನ್ನೂ ಗೊತ್ತಿಲ್ಲ. ಅಂಥ ದಿನ ಮನೆಗೆ ಬಂದರೆ ಎಳೆ ಹಿಡಿಯುವ ಶಕ್ತಿ ಇರುವುದಿಲ್ಲ. ನನಗೆ ಒಂದು ಪ್ಯಾರಾ ತಿದ್ದುವುದು ಆಗುತ್ತದೆ, ಹೊಸ ಅಧ್ಯಾಯ ಕಟ್ಟುವುದು ಆಗುವುದಿಲ್ಲ.

ನನ್ನ ಪ್ರಕಾರ ನೋಡಬೇಕಾದ್ದು ಬೇರೆ. ಕೆಲಸ ನಿಮ್ಮ ಹಿಂದೆ ಮನೆಗೆ ಬರುತ್ತಾ? ನಾನು ನಾಲ್ಕು ವರ್ಷ ಆನ್‌ಕಾಲ್ ಇದ್ದೆ, ಅಂದರೆ ಸಿಸ್ಟಮ್ ಕೆಟ್ಟರೆ ಯಾವ ಹೊತ್ತಿಗಾದರೂ ಎದ್ದು ನೋಡಬೇಕು. ಮೂರು ವಾರಕ್ಕೊಮ್ಮೆ ಸರದಿ. ರಾತ್ರಿ ಎರಡಕ್ಕೆ ಫೋನ್ ಬಡಿದುಕೊಳ್ಳಬಹುದು, ಬಡಿದುಕೊಳ್ಳದೆಯೂ ಇರಬಹುದು. ಬಡಿದುಕೊಂಡ ರಾತ್ರಿಗಿಂತ ಸುಮ್ಮನಿದ್ದ ರಾತ್ರಿಗಳೇ ಹಾಳು, ಯಾಕೆಂದರೆ ಕಿವಿ ಆ ಕಡೆಯೇ ಇರುತ್ತಿತ್ತು. ಆ ವಾರಗಳಲ್ಲಿ ನಾನು ಒಂದು ಸಾಲು ಬರೆದಿಲ್ಲ. ಅದಕ್ಕೇ ಸಂದರ್ಶನದಲ್ಲಿ ಧೈರ್ಯವಾಗಿ ಕೇಳಿ: ಆನ್‌ಕಾಲ್ ಇದೆಯಾ, ಎಷ್ಟು ಜನರ ನಡುವೆ ಸರದಿ, ರಾತ್ರಿ ಎದ್ದರೆ ಮರುದಿನ ರಜೆ ಕೊಡುತ್ತೀರಾ. ಸಂಬಳದಷ್ಟೇ ಮುಖ್ಯ ಇದು.

ಕಾದಂಬರಿಕಾರ ಕಾಫ್ಕಾ ನೆನಪಾಗುತ್ತಾರೆ. 1908ರಿಂದ 1922ರವರೆಗೆ ಪ್ರಾಗ್‌ನ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿದ್ದರು. ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಕೆಲಸ. ಅಲ್ಲೂ ವರದಿ ಬರೆಯುವುದೇ, ಕಾನೂನಿನ ವಾಕ್ಯ ಬರೆಯುವುದೇ, ಅಂದರೆ ನಿಮ್ಮ ಲೆಕ್ಕದಲ್ಲಿ ತೀರ ಹತ್ತಿರದ ಕೆಲಸ. ಆದರೂ ರಾತ್ರಿ ಕೂತು ಬರೆದರು. ಎರಡು ಗಂಟೆಗೆ ಬಾಗಿಲು ಮುಚ್ಚುತ್ತಿತ್ತು, ಅದೇ ಅವರನ್ನು ಕಾಪಾಡಿತು ಅಂತ ನನ್ನ ನಂಬಿಕೆ.

ಎರಡನೇಕರಡು

ನಾನು 9 ವರ್ಷದಿಂದ ಡಾಕ್ಯುಮೆಂಟೇಶನ್ ಬರೆಯುತ್ತಿದ್ದೇನೆ, ಅದೇ ಟೆಕ್ನಿಕಲ್ ರೈಟರ್ ಕೆಲಸ. ಆ 9 ವರ್ಷದಲ್ಲೇ ಎರಡು ಕಾದಂಬರಿ ಬಂದಿವೆ. ಹಾಗಾಗಿ ಈ ಕೆಲಸದ ಪರವಾಗಿ ಯಾರಾದರೂ ಮಾತಾಡಬೇಕು.

ಅಲ್ಪವಿರಾಮ ಹೇಳಿದ ಮುದುಕಿ ನನಗೂ ಬಂದಿದ್ದಳು, ಮೊದಲ ವರ್ಷ. ಅದು ನಿಜವಾದ ತೊಂದರೆ, ಅಲ್ಲ ಅನ್ನುವುದಿಲ್ಲ. ನಾನು ಮಾಡಿದ್ದು ಎರಡು ಕೆಲಸ. ಒಂದು, ಕಥೆಯನ್ನು ಬೆಳಗ್ಗೆಗೆ ತಂದೆ. ಐದೂವರೆಯಿಂದ ಏಳೂಕಾಲು. ಕೆಲಸದ ವಾಕ್ಯಗಳು ತಲೆಗೆ ಹತ್ತುವ ಮೊದಲೇ ಕಥೆಯ ವಾಕ್ಯಗಳು ಮುಗಿದಿರಬೇಕು. ಎರಡು, ಕಥೆಯನ್ನು ಪೆನ್ನಿನಲ್ಲಿ ಬರೆಯುತ್ತೇನೆ. ಕೀಬೋರ್ಡ್ ಮುಟ್ಟಿದ ತಕ್ಷಣ ಕೈ "ಬಟನ್ ಒತ್ತಿ" ಅನ್ನುವ ಕಡೆ ಹೋಗುತ್ತಿತ್ತು. ಪೆನ್ನು ಹಿಡಿದರೆ ಹೋಗುವುದಿಲ್ಲ. ಕಾರಣ ಹುಡುಕಲು ಹೋಗಿಲ್ಲ, ಕೆಲಸ ಮಾಡುತ್ತದೆ, ಸಾಕು.

ಬೆಳಗಿನ ಜಾವಕ್ಕೆ ದೊಡ್ಡ ಉದಾಹರಣೆ ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರಾಲಪ್. ಬ್ರಿಟನ್ನಿನ ಅಂಚೆ ಇಲಾಖೆಯಲ್ಲಿ ನೌಕರಿ. ದಿನಾ ಐದೂವರೆಗೆ ಮೇಜಿಗೆ ಬಂದು ಮೂರು ಗಂಟೆ ಕೂರುತ್ತಿದ್ದರು, ಎದುರಿಗೆ ಗಡಿಯಾರ ಇಟ್ಟುಕೊಂಡು ಕಾಲು ಗಂಟೆಗೆ 250 ಪದ. 1867ರಲ್ಲಿ ನೌಕರಿ ಬಿಡುವಷ್ಟರಲ್ಲಿ ಎಷ್ಟೋ ಕಾದಂಬರಿ ಬಂದಾಗಿತ್ತು. ನಮ್ಮ ಕಾಲದವರೇ ಬೇಕು ಅಂದರೆ ಟೆಡ್ ಚಿಯಾಂಗ್, ಕಂಪ್ಯೂಟರ್ ಸೈನ್ಸ್ ಓದಿ ಟೆಕ್ನಿಕಲ್ ರೈಟರ್ ಕೆಲಸ ಮಾಡಿಕೊಂಡೇ ಕಥೆ ಬರೆದವರು. ಬರೆದದ್ದು ಕಡಿಮೆ, ಆದರೆ ಒಂದೊಂದೂ ಗಟ್ಟಿ.

ಇನ್ನು ಈ ಕೆಲಸ ಕಥೆಗೆ ಕೊಟ್ಟದ್ದೂ ಇದೆ. ಓದುವವನು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ ಅಂತ ಮೊದಲೇ ಮೂಸಿ ನೋಡುವ ಅಭ್ಯಾಸ. ನಾನು ಹೊಸ ಸಾಫ್ಟ್‌ವೇರ್ ಬಗ್ಗೆ ಬರೆಯುವ ಮೊದಲು ಅದನ್ನು ಖಾಲಿ ಕಂಪ್ಯೂಟರ್‌ನಲ್ಲಿ ಹಾಕಿ, ಎಲ್ಲಿ ನಿಂತೆ, ಎಲ್ಲಿ ತಪ್ಪು ಬಟನ್ ಒತ್ತಿದೆ ಅಂತ ಪಟ್ಟಿ ಮಾಡುತ್ತೇನೆ. ಈಗ ಕಾದಂಬರಿಯ ಮೊದಲ ಅಧ್ಯಾಯವನ್ನೂ ಹಾಗೇ ಓದುತ್ತೇನೆ, ಏನೂ ಗೊತ್ತಿಲ್ಲದವಳ ಹಾಗೆ.

ಇನ್ನೊಂದು, ಗಿಟ್, ಕಡತದಲ್ಲಿ ಯಾವಾಗ ಏನು ಬದಲಾಯಿತು ಅಂತ ನೆನಪಿಟ್ಟುಕೊಳ್ಳುವ ಸಾಫ್ಟ್‌ವೇರ್. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕೋಡ್ ನೋಡಿಕೊಳ್ಳಲು ಮಾಡಿದ ಸಾಧನ, ನನ್ನ ಎರಡನೇ ಕಾದಂಬರಿಯನ್ನೂ ನೋಡಿಕೊಂಡಿತು. ಮೊದಲೆಲ್ಲ ನನ್ನ ಹತ್ತಿರ "ಕೊನೆ", "ಕೊನೆ2", "ನಿಜವಾದ ಕೊನೆ" ಅಂತ ಕಡತಗಳಿದ್ದವು. ಈಗ ಪೆನ್ನಿನಲ್ಲಿ ಬರೆದದ್ದನ್ನು ವಾರಕ್ಕೊಮ್ಮೆ ಟೈಪ್ ಮಾಡಿ ಸೇರಿಸುತ್ತೇನೆ. ಒಂದು ಉಪಾಯ ಹೇಳುತ್ತೇನೆ, ಬರೆಯುವವರು ಯಾರಾದರೂ ಗಿಟ್ ಬಳಸುವುದಾದರೆ ನೆನಪಿಡಿ: ಒಂದು ಸಾಲಿಗೆ ಒಂದೇ ವಾಕ್ಯ ಇಡಿ. ಪ್ಯಾರಾ ಪೂರ್ತಿ ಒಂದೇ ಸಾಲಾಗಿದ್ದರೆ, ಒಂದು ಪದ ಬದಲಾಯಿಸಿದರೂ ಗಿಟ್ ಇಡೀ ಪ್ಯಾರಾ ಬದಲಾಯಿತು ಅಂತ ತೋರಿಸುತ್ತದೆ. ವಾಕ್ಯಕ್ಕೊಂದು ಸಾಲು ಇದ್ದರೆ ಯಾವ ವಾಕ್ಯ ಕೆಟ್ಟಿತು, ಯಾವತ್ತು ಕೆಟ್ಟಿತು ಅಂತ ನೇರ ಕಾಣುತ್ತದೆ. ಮಾರ್ಕ್‌ಡೌನ್‌ನಲ್ಲಿ (ಸಾದಾ ಅಕ್ಷರದಲ್ಲೇ ಸರಳ ಗುರುತು ಹಾಕಿ ಬರೆಯುವ ರೀತಿ) ಬರೆದರೆ ಓದುವಾಗ ಆ ಸಾಲುಗಳು ಮತ್ತೆ ಕೂಡಿಕೊಂಡು ಪ್ಯಾರಾ ಆಗುತ್ತವೆ. ಮೂರು ತಿಂಗಳ ಹಿಂದೆ ಅಳಿಸಿದ ಒಂದು ಮಾತು ಹಾಗೇ ವಾಪಸ್ ಸಿಕ್ಕಿತು ನನಗೆ. ಅದೇ ಈಗ ಪುಸ್ತಕದ ಕೊನೆಯ ಸಾಲು.

ಹೊಸಹೆಜ್ಜೆ

ನಮಸ್ಕಾರ. 41 ವರ್ಷ. ಒಂದು ಕಥಾ ಸಂಕಲನ ಬಂದಿದೆ, ಒಂದು ಕಾದಂಬರಿ ನಾಲ್ಕು ವರ್ಷದಿಂದ ನಡುವಲ್ಲಿ ನಿಂತಿದೆ. ಓದಿದ್ದು ಸಾಹಿತ್ಯ, ಗಣಿತ ಹತ್ತನೇ ತರಗತಿಯಲ್ಲೇ ಬಿಟ್ಟೆ. ಈಗ ಕಲಿಯಲು ಶುರು ಮಾಡಿದರೆ ತಡವಾಯಿತಾ? ಎಲ್ಲರೂ ಹೇಳುವುದು, ಈಗ ಎಐ ಕೋಡ್ ಬರೆಯುತ್ತದೆ, ಡಾಕ್ಯುಮೆಂಟೂ ಬರೆಯುತ್ತದೆ, ಹೊಸಬರನ್ನು ಯಾರು ತೆಗೆದುಕೊಳ್ಳುತ್ತಾರೆ ಅಂತ. ದಯವಿಟ್ಟು ಸಮಾಧಾನಕ್ಕೆ ಹೇಳಬೇಡಿ, ಇದ್ದದ್ದು ಹೇಳಿ.

ಅಲ್ಪವಿರಾಮ

ಹೊಸಹೆಜ್ಜೆ ಅವರೇ, ಇದ್ದದ್ದೇ ಹೇಳುತ್ತೇನೆ. ಮೊದಲ ಕೆಲಸ ಸಿಗುವುದು ಕಷ್ಟ. ಹೊಸಬರಿಗೆ ಕೊಡುತ್ತಿದ್ದ ಸಣ್ಣ ಸಣ್ಣ ಕೆಲಸ, ಚಿಕ್ಕ ಫಂಕ್ಷನ್ (ಒಂದೇ ಕೆಲಸ ಮಾಡುವ ಕೋಡ್ ತುಂಡು) ಬರೆಯುವುದು, ಚಿಕ್ಕ ಟೆಸ್ಟ್ ಬರೆಯುವುದು, ಅವನ್ನೇ ಎಐ ಬೇಗ ಮಾಡಿಕೊಡುತ್ತದೆ. ಆದರೆ ಅದು ಬರೆದದ್ದು ಸರಿ ಇದೆಯಾ ಅಂತ ನೋಡುವವರು ಬೇಕು. ಚೆನ್ನಾಗಿ ಕಾಣುವ, ಆದರೆ ತಪ್ಪಾಗಿರುವ ವಾಕ್ಯ ಹಿಡಿಯುವುದು ನಮಗೆ ಹೊಸದಲ್ಲ, ಕರಡು ತಿದ್ದಿದವರಿಗೆ ಅದು ಕೈಗೆ ಹತ್ತಿರುತ್ತದೆ. ಕೋಡ್‌ನಲ್ಲಿ ಅದನ್ನು ಹಿಡಿಯಬೇಕಾದರೆ ಕೋಡ್ ಓದಲು ಬರಬೇಕು, ಅಷ್ಟು ಕಲಿಯಲೇಬೇಕು.

ನಾನು ಕಲಿತದ್ದು 14 ತಿಂಗಳು, ದಿನಾ ಬೆಳಗ್ಗೆ ಒಂದೂವರೆ ಗಂಟೆ. ಆ ಸಮಯದಲ್ಲಿ ಅನುವಾದದ ಕೆಲಸ ಬಿಡಲಿಲ್ಲ. ಹತ್ತನೇ ತರಗತಿ ಗಣಿತ ಸಾಕು, ಟೆಸ್ಟಿಂಗ್‌ಗೆ, ವೆಬ್ ಕೆಲಸಕ್ಕೆ ಧಾರಾಳ ಸಾಕು. ಕೋರ್ಸ್ ಹಿಂದೆ ಕೋರ್ಸ್ ನೋಡುತ್ತಾ ಮೂರು ತಿಂಗಳು ಹಾಳು ಮಾಡಿಕೊಂಡೆ. ಅರ್ಥ ಆದ ಹಾಗೆ ಅನ್ನಿಸುತ್ತಿತ್ತು, ಖಾಲಿ ಪರದೆ ಮುಂದೆ ಕೂತರೆ ಏನೂ ಬರುತ್ತಿರಲಿಲ್ಲ. ನಿಜವಾಗಿ ಕಲಿತದ್ದು ನನಗೇ ಬೇಕಾದ ಒಂದು ಕೆಲಸ ಸಿಕ್ಕಾಗ.

ಅದು ಏನು ಅಂದರೆ, ನನ್ನ ಹಳೇ ಕಥೆಗಳೆಲ್ಲ ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗೂ ಅಕ್ಷರಗಳನ್ನು ಒಂದೇ ಥರ ಇಡುವ ಪದ್ಧತಿ) ಮುಂಚಿನ ಫಾಂಟ್‌ನಲ್ಲಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಪರದೆ ತುಂಬ ಇಂಗ್ಲಿಷ್ ಅಕ್ಷರಗಳ ಕಸ. ಹಳೇ ಫಾಂಟ್‌ಗಳು ಕನ್ನಡದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಿದ್ದವು. ಯಾವ ಜಾಗದಲ್ಲಿ ಯಾವ ಚೂರು ಅಂತ ಪಟ್ಟಿ ಮಾಡಿ, ಒಂದೊಂದನ್ನೇ ಬದಲಾಯಿಸುವ ಪ್ರೋಗ್ರಾಂ ಬರೆದೆ. ಓಡಿಸಿದೆ. ಕನ್ನಡ ಬಂತು! ಕುಣಿಯುವಷ್ಟು ಖುಷಿ. ಆಮೇಲೆ ಓದಿದರೆ "ಸೂರ್ಯ" ಇರುವ ಕಡೆಯೆಲ್ಲ "ಸೂಯರ್". "ಅರ್ಥ" ಎಲ್ಲ "ಅಥರ್".

ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಒಂದು ಹಾಳೆಯಲ್ಲಿ "ರ್ಯ" ಅಂತ ಕೈಯಲ್ಲಿ ಬರೆದು ನೋಡಿದೆ. ಅರ್ಕಾವತ್ತನ್ನು ನಾವು ಬರೆಯುವುದು ಅಕ್ಷರದ ನಂತರ, ಉಚ್ಚರಿಸುವುದು ಮೊದಲು. ಹಳೇ ಫಾಂಟ್ ಬರೆಯುವ ಕ್ರಮದಲ್ಲಿ ಇಟ್ಟುಕೊಂಡಿತ್ತು, ಯೂನಿಕೋಡ್ ಉಚ್ಚರಿಸುವ ಕ್ರಮದಲ್ಲಿ ಇಟ್ಟುಕೊಳ್ಳುತ್ತದೆ. ಅಂದರೆ ಸುಮ್ನೆ ಬದಲಾಯಿಸಿದರೆ ಸಾಲದು, ಆ ರ್ ಅನ್ನು ಹಿಂದಿನ ಅಕ್ಷರ ದಾಟಿಸಿ ಮುಂಚೆ ತಂದು ಕೂರಿಸಬೇಕು. ಒತ್ತಕ್ಷರ ಇದ್ದರೆ ಅದನ್ನೂ ಸೇರಿಸಿ ದಾಟಿಸಬೇಕು. ಹತ್ತು ಸಾಲಿನ ಕೋಡ್ ಅದು, ಆದರೆ ನಾನು ಈ ಕೆಲಸ ಮಾಡಬಲ್ಲೆ ಅಂತ ಗೊತ್ತಾದದ್ದು ಆವತ್ತು. 60 ಕಥೆ ಮರಳಿ ಓದುವ ಹಾಗಾದವು. ಸಂದರ್ಶನದಲ್ಲಿ ಇದನ್ನೇ ವಿವರಿಸಿದೆ. ಸರ್ಟಿಫಿಕೇಟ್ ಬಗ್ಗೆ ಯಾರೂ ಕೇಳಲಿಲ್ಲ.

ನಿಮ್ಮ ಹತ್ತಿರವೂ ನಿಮ್ಮನ್ನೇ ಕಾಡುವ ಇಂಥದ್ದೊಂದು ಕೆಲಸ ಇರುತ್ತದೆ. ಅದರಿಂದ ಶುರು ಮಾಡಿ.

ರೆಸ್ಯೂಮೆಯಲ್ಲಿ ಪುಸ್ತಕಗಳನ್ನು ಮುಚ್ಚಿಡಬೇಡಿ. "ಸೃಜನಶೀಲ ವ್ಯಕ್ತಿ" ಅಂತಲೂ ಬರೆಯಬೇಡಿ, ಅದರಿಂದ ಅವರಿಗೆ ಏನೂ ಗೊತ್ತಾಗುವುದಿಲ್ಲ. ಎರಡು ವರ್ಷದ ಕೆಲಸವನ್ನು ಯಾರೂ ಬೆನ್ನು ಬೀಳದೆ ಮುಗಿಸಿದ್ದೇನೆ, ಸಂಪಾದಕರ ತಿದ್ದುಪಡಿ ತೆಗೆದುಕೊಂಡು ಐದು ಸಲ ಮತ್ತೆ ಬರೆದಿದ್ದೇನೆ ಅಂತ ಬರೆಯಿರಿ. ಕೋಡ್ ರಿವ್ಯೂನಲ್ಲಿ, ಅಂದರೆ ಸಹೋದ್ಯೋಗಿಗಳು ಕೋಡ್ ಓದಿ ತಪ್ಪು ಹೇಳುವಾಗ, ಮೊದಲ ಸಲ ನನ್ನ ಕೋಡ್‌ಗೆ 23 ಟಿಪ್ಪಣಿ ಬಂದವು. ಪಕ್ಕದ ಹುಡುಗ ಸಮಾಧಾನ ಮಾಡಲು ಬಂದ. ನನಗೆ ಬೇಸರವೇ ಆಗಿರಲಿಲ್ಲ, ನನ್ನ ಮೊದಲ ಕಾದಂಬರಿಯ ಕರಡಿನಲ್ಲಿ ಇಷ್ಟು ಟಿಪ್ಪಣಿ ಮೊದಲ ಪುಟಕ್ಕೇ ಬಂದಿದ್ದವು.

ಸಹಿಗೆಮುನ್ನ

ಎಲ್ಲರೂ ಮನಸ್ಸಿನ ಮಾತಾಡುತ್ತಿದ್ದೀರಿ, ನಾನು ಕಾಗದದ ಮಾತಾಡುತ್ತೇನೆ. ಆಫರ್ ಲೆಟರ್ ಜೊತೆ ಬರುವ ಒಪ್ಪಂದವನ್ನು ಪೂರ್ತಿ ಓದಿ. ನನಗೆ ಬಂದ ಒಪ್ಪಂದದಲ್ಲಿ ಒಂದು ಸಾಲಿತ್ತು: ಕೆಲಸದಲ್ಲಿರುವ ಅವಧಿಯಲ್ಲಿ ನೌಕರರು ಸೃಷ್ಟಿಸುವ ಎಲ್ಲವೂ ಕಂಪನಿಯ ಸ್ವತ್ತು. ಎಲ್ಲವೂ ಅಂದರೆ ಎಲ್ಲವೂ. ರಾತ್ರಿ ನನ್ನ ಮನೆಯಲ್ಲಿ ಬರೆದ ಕಥೆ ಅದರೊಳಗೆ ಬರುತ್ತದೆಯೋ ಇಲ್ಲವೋ ಅಂತ ಆ ಸಾಲಿನಿಂದ ಗೊತ್ತಾಗುತ್ತಿರಲಿಲ್ಲ. ಸಹಿ ಮಾಡಿಬಿಟ್ಟಿದ್ದೆ. ಪುಸ್ತಕ ಬರುವ ಹೊತ್ತಿಗೆ ಪ್ರಕಾಶಕರು ಹಕ್ಕು ನಿಮ್ಮದೇ ತಾನೇ ಅಂತ ಕೇಳಿದಾಗ ಎದೆ ಧಸಕ್ ಅಂತು. ಕಂಪನಿಯಿಂದ ಒಂದು ಪತ್ರ ತೆಗೆದುಕೊಳ್ಳಲು ಏಳು ತಿಂಗಳು ಓಡಾಡಿದೆ. ಪುಸ್ತಕ ಅಷ್ಟೂ ದಿನ ಕೂತಿತು.

ಈಗ ಯಾರು ಕೇಳಿದರೂ ಹೇಳುವುದು ಇಷ್ಟು. ಹೊರಗಿನ ಕೆಲಸ ಮಾಡಬಾರದು ಅನ್ನುವ ಷರತ್ತು ಇದೆಯಾ ನೋಡಿ, ಕಥೆ ಕಾದಂಬರಿ ಅದರಲ್ಲಿ ಸೇರುವುದಿಲ್ಲ ಅಂತ ಸಹಿಗೆ ಮೊದಲೇ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಬಾಯಿಮಾತಲ್ಲಿ "ಅಯ್ಯೋ ಅದೆಲ್ಲ ಪರವಾಗಿಲ್ಲ" ಅನ್ನುತ್ತಾರೆ, ಹೇಳಿದವರು ಆರು ತಿಂಗಳಿಗೆ ಕೆಲಸ ಬಿಟ್ಟು ಹೋಗುತ್ತಾರೆ. ಮೊದಲೇ ಮಾಡಿದ ಕೃತಿಗಳ ಪಟ್ಟಿ ಕೊಡಲು ಎಷ್ಟೋ ಒಪ್ಪಂದಗಳಲ್ಲಿ ಜಾಗ ಇರುತ್ತದೆ, ಅಲ್ಲಿ ನಡುವಲ್ಲಿ ನಿಂತ ಕಾದಂಬರಿಯ ಹೆಸರೂ ಬರೆಯಿರಿ. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಒಂದು ಸಾಲು ಕಥೆಯನ್ನೂ ಬರೆಯಬೇಡಿ, ಅವರ ಇಮೇಲ್‌ನಿಂದ ಪ್ರಕಾಶಕರಿಗೆ ಕಳಿಸಬೇಡಿ. ಕಾನೂನು ದೇಶದಿಂದ ದೇಶಕ್ಕೆ ಬೇರೆ, ಹಾಗಾಗಿ ಅನುಮಾನ ಇದ್ದರೆ ವಕೀಲರಿಗೆ ತೋರಿಸಿ.

ಎಐ ಬಗ್ಗೆಯೂ ಒಂದು ಮಾತು. ಕರಡನ್ನು ಸಿಕ್ಕಸಿಕ್ಕ ಆನ್‌ಲೈನ್ ಸಾಧನಕ್ಕೆ ಹಾಕುವ ಮೊದಲು ಅವರ ಷರತ್ತು ಓದಿ. ಹಾಕಿದ್ದನ್ನು ಇಟ್ಟುಕೊಳ್ಳುತ್ತಾರಾ, ಯಾತಕ್ಕೆ ಬಳಸುತ್ತಾರೆ ಅಂತ ತಿಳಿದುಕೊಂಡು ಆಮೇಲೆ ನಿರ್ಧಾರ ಮಾಡಿ.

ರಾತ್ರಿಪಾಳಿ

ಇದನ್ನೆಲ್ಲ ಎರಡು ಸಲ ಓದಿದೆ. ನನ್ನದು ಬೇರೆ ಕಥೆ, ಬರೆಯಲೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ಆರು ವರ್ಷದ ಹಿಂದೆ ಈ ಕಡೆ ಬಂದೆ. ಬರೆಯುವುದು ನಿಂತುಹೋಯಿತು. ಆನ್‌ಕಾಲ್ ಇಲ್ಲ, ಡಾಕ್ಯುಮೆಂಟ್ ಬರೆಯುವುದಿಲ್ಲ, ಡೇಟಾಬೇಸ್ ನೋಡಿಕೊಳ್ಳುವ ಕೆಲಸ, ಅಕ್ಷರದಿಂದ ದೂರವೇ ದೂರ. ಸಂಜೆಯೂ ನನ್ನದೇ. ಆದರೂ ಬರೆಯಲಿಲ್ಲ. ಮೊದಲು ದಣಿವು ಅಂದುಕೊಂಡೆ. ಆಮೇಲೆ ತಿಳಿಯಿತು, ನಾನು ಅಷ್ಟು ವರ್ಷ ಬರೆದದ್ದು ಬಹುಮಟ್ಟಿಗೆ ಭಯದಿಂದ. ತಿಂಗಳ ಕೊನೆಗೆ ಏನು ಮಾಡಲಿ ಅನ್ನುವ ಭಯ, ಗಡುವಿನ ಭಯ, ಸಂಪಾದಕರು ಮರೆತುಬಿಡುತ್ತಾರೆ ಅನ್ನುವ ಭಯ. ಪ್ರತಿ ತಿಂಗಳು ಸಂಬಳ ಬಂದಾಗ ಭಯ ಹೋಯಿತು, ಅದರ ಜೊತೆ ಕೂತುಕೊಳ್ಳುವ ಅಭ್ಯಾಸವೂ ಹೋಯಿತು.

ಇದನ್ನು ದುಃಖದ ಕಥೆಯಾಗಿ ಹೇಳುತ್ತಿಲ್ಲ. ಆರು ವರ್ಷ ಚೆನ್ನಾಗಿ ನಿದ್ದೆ ಮಾಡಿದ್ದೇನೆ. ತಾಯಿಯ ಆಪರೇಷನ್‌ಗೆ ಯಾರ ಹತ್ತಿರವೂ ಕೈ ಚಾಚಲಿಲ್ಲ. ಅದು ನನಗೆ ಎರಡು ಪುಸ್ತಕಕ್ಕಿಂತ ದೊಡ್ಡದು. ಆದರೆ ಈ ಕಡೆ ಬರುವವರಿಗೆ ಇದೂ ಗೊತ್ತಿರಲಿ ಅಂತ ಹೇಳಿದೆ. ಕಳೆದ ತಿಂಗಳು ಆರು ವರ್ಷದಲ್ಲಿ ಮೊದಲ ಸಲ ಒಂದೂವರೆ ಪುಟ ಬರೆದೆ. ಯಾರೂ ಕೇಳಿರಲಿಲ್ಲ, ಯಾವ ಗಡುವೂ ಇರಲಿಲ್ಲ. ಅದು ಕಥೆಯಾಗುತ್ತದೋ ಇಲ್ಲವೋ ನೋಡಬೇಕು.

ಎರಡನೇಕರಡು

ರಾತ್ರಿಪಾಳಿ ಅವರೇ, ಆ ಒಂದೂವರೆ ಪುಟವನ್ನು ಸದ್ಯಕ್ಕೆ ಯಾರಿಗೂ ತೋರಿಸಬೇಡಿ. ಮುಂದಿನ ಅರ್ಧ ಪುಟ ಆಗುವವರೆಗಾದರೂ.

ಕವಲುದಾರಿ

ನಡುವಿನ ದಾರಿಯೊಂದಿದೆ, ಯಾರೂ ಹೇಳಲಿಲ್ಲ. ಗೇಮ್‌ಗಳಿಗೆ ಕಥೆ ಬರೆಯುವುದು. ಕೆಲಸಗಳು ಕಡಿಮೆ, ಪೈಪೋಟಿ ಜಾಸ್ತಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಕೋಡ್ ಕಲಿಯಲು ಕಥೆಗಾರರಿಗೆ ಇದಕ್ಕಿಂತ ಸುಲಭದ ಬಾಗಿಲು ನಾನು ಕಂಡಿಲ್ಲ. ಟ್ವೈನ್ ಅಂತ ಒಂದು ಉಚಿತ ಸಾಧನ ಇದೆ, 2009ರಿಂದ ಇದೆ. ಕಥೆಯ ತುಂಡುಗಳನ್ನು ಬರೆದು ಒಂದಕ್ಕೊಂದು ಕೊಂಡಿ ಹಾಕುವುದು, ಓದುವವರು ದಾರಿ ಆರಿಸಿಕೊಳ್ಳುತ್ತಾರೆ. ಇಂಕ್ ಅಂತ ಇನ್ನೊಂದು, ಒಂದು ಗೇಮ್ ಕಂಪನಿ ತನಗಾಗಿ ಮಾಡಿಕೊಂಡದ್ದನ್ನು 2016ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು.

ನಾನು ವೇರಿಯೇಬಲ್ ಅಂದರೆ ಏನು ಅಂತ ಕಲಿತದ್ದು ಅಲ್ಲೇ. ನನ್ನ ಕಥೆಯಲ್ಲಿ ತಂಗಿಗೆ ಅಕ್ಕ ಸುಳ್ಳು ಹೇಳಿದ್ದು ಗೊತ್ತಾಗಿದೆಯೋ ಇಲ್ಲವೋ ಅಂತ ನೆನಪಿಡಬೇಕಿತ್ತು. ಗೊತ್ತಾಗಿದ್ದರೆ ಕೊನೆಯ ದೃಶ್ಯದಲ್ಲಿ ಅವಳು ಬಾಗಿಲು ತೆರೆಯುವುದಿಲ್ಲ. ಅದನ್ನು ನೆನಪಿಡುವ ಡಬ್ಬಿಯೇ ವೇರಿಯೇಬಲ್. ಪುಸ್ತಕದಲ್ಲಿ ಎಕ್ಸ್, ವೈ ಅಂತ ಓದಿದಾಗ ತಲೆಗೆ ಹತ್ತದ್ದು ಆ ಬಾಗಿಲಿಂದ ಹತ್ತಿತು.

ಬಗ್‌ಬೇಟೆ

ಮತ್ತೆ ಬಂದೆ. ಮೇಲಿನದೆಲ್ಲ ಓದಿದ ಮೇಲೆ ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಕೆಲಸ ಹತ್ತಿರವೋ ದೂರವೋ ಅನ್ನುವುದು ಒಬ್ಬೊಬ್ಬರ ಬರವಣಿಗೆಯ ರೀತಿಯ ಮೇಲೆ ನಿಂತಿದೆ ಅನ್ನಿಸುತ್ತದೆ. ಅಲ್ಪವಿರಾಮ ಅವರದು ಮಾತಿನಿಂದ ಹುಟ್ಟುವ ಕಥೆ, ಒಂದು ವಾಕ್ಯದ ದನಿ ಸಿಕ್ಕರೆ ಉಳಿದದ್ದು ಬರುತ್ತದೆ. ಹಾಗಾಗಿ ವಾಕ್ಯದ ಕೆಲಸ ಅವರಿಗೆ ಪೆಟ್ಟು ಕೊಟ್ಟಿತು. ನಾನು ಮೊದಲು ನಕ್ಷೆ ಹಾಕುವವನು, ಯಾವ ಘಟನೆ ಯಾವುದರ ಮೇಲೆ ಕೂರುತ್ತದೆ ಅಂತ. ನನಗೆ ಕೋಡ್ ಪೆಟ್ಟು ಕೊಡುತ್ತದೆ. ಹಾಗಾದರೆ ಕೇಳಿಕೊಳ್ಳಬೇಕಾದ್ದು ನಾನು ಕಥೆ ಬರೆಯುವಾಗ ಮೊದಲು ಏನು ಖರ್ಚಾಗುತ್ತದೆ ಅಂತ. ಅದನ್ನು ಹಗಲು ಮಾರಬಾರದು.

ಜೆ.ಎಂ. ಕುಟ್ಸಿ ಅವರ ಉದಾಹರಣೆ ಎರಡೂ ಕಡೆಗೆ ಸಲ್ಲುತ್ತದೆ. 1962ರಿಂದ 65ರವರೆಗೆ ಇಂಗ್ಲೆಂಡಿನಲ್ಲಿ ಪ್ರೋಗ್ರಾಮರ್ ಆಗಿದ್ದರು, ಮೊದಲು ಐಬಿಎಂನಲ್ಲಿ. ಕಾದಂಬರಿಕಾರರಾದದ್ದು ಆ ಕೆಲಸ ಬಿಟ್ಟ ಮೇಲೆ. 2003ರಲ್ಲಿ ನೊಬೆಲ್ ಬಂತು. ನಮ್ಮಲ್ಲಿ ವಸುಧೇಂದ್ರ ವರ್ಷಗಟ್ಟಲೆ ಸಾಫ್ಟ್‌ವೇರ್ ಕೆಲಸದಲ್ಲಿದ್ದುಕೊಂಡೇ ಕಥೆ ಬರೆದರು, ಆಮೇಲೆ ಅದನ್ನು ಬಿಟ್ಟು ಪೂರ್ತಿ ಬರವಣಿಗೆಗೆ ಬಂದರು. ಒಬ್ಬರಿಗೆ ಸರಿಹೋದದ್ದು ಇನ್ನೊಬ್ಬರಿಗೆ ಅಳತೆ ಆಗುವುದಿಲ್ಲ.

ಅಲ್ಪವಿರಾಮ

ಬಗ್‌ಬೇಟೆ ಅವರೇ, ನೀವು ಹೇಳಿದ್ದು ನಾನು ಹೇಳಿದ್ದಕ್ಕಿಂತ ಸರಿ ಇದೆ. "ದೂರದ್ದನ್ನು ಹಿಡಿಯಿರಿ" ಅಂತ ಎಲ್ಲರಿಗೂ ಹೇಳಿದ್ದು ತಪ್ಪು. ನನ್ನ ಗೆಳೆಯರಿಗೆ ಇನ್ನು ಮೇಲೆ ನಿಮ್ಮ ಪ್ರಶ್ನೆಯನ್ನೇ ಕೇಳುತ್ತೇನೆ. ರಾತ್ರಿಪಾಳಿ ಅವರು ಭಯದ ಬಗ್ಗೆ ಹೇಳಿದ್ದು ನನ್ನನ್ನು ಎರಡು ದಿನದಿಂದ ಬಿಟ್ಟಿಲ್ಲ. ನನಗೂ ಆ ಭಯ ಇತ್ತು. ಅದು ಹೋದಾಗ ನನಗೆ ಸಿಕ್ಕಿದ್ದು ನಿಧಾನ. ಈಗ ಬರೆಯುತ್ತಿರುವ ಅಧ್ಯಾಯವನ್ನು ಐದನೇ ಸಲ ಬರೆಯುತ್ತಿದ್ದೇನೆ, ಮೊದಲಾಗಿದ್ದರೆ ಎರಡನೇ ಸಲಕ್ಕೇ ಕೊಟ್ಟು ದುಡ್ಡು ತೆಗೆದುಕೊಳ್ಳಬೇಕಿತ್ತು.

ಹೊಸಹೆಜ್ಜೆ

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಪೈಥಾನ್ ಹಾಕಿಕೊಂಡೆ. ನನ್ನ ಕಾದಂಬರಿಯಲ್ಲಿ ಯಾವ ಪಾತ್ರದ ಹೆಸರು ಎಷ್ಟು ಸಲ ಬರುತ್ತದೆ ಅಂತ ಎಣಿಸೋಣ ಅಂತ ಹೊರಟೆ. ಅದಕ್ಕೆ ಮೊದಲು ಸುಮ್ನೆ ಒಂದು ಹೆಸರಿನ ಉದ್ದ ಎಷ್ಟು ಅಂತ ಕೇಳಿದೆ. "ಲಕ್ಷ್ಮೀ". ನನ್ನ ಕಣ್ಣಿಗೆ ಎರಡು ಅಕ್ಷರ. ಅದು 7 ಅಂತ ಹೇಳಿತು. ಮೂರು ಸಲ ಟೈಪ್ ಮಾಡಿದೆ, ಮೂರು ಸಲವೂ 7. ನಾನೇನು ತಪ್ಪು ಮಾಡುತ್ತಿದ್ದೇನೆ?

ಅಲ್ಪವಿರಾಮ

ಏನೂ ತಪ್ಪು ಮಾಡಿಲ್ಲ, 7 ಸರಿ. ಕಂಪ್ಯೂಟರ್ ಎಣಿಸುವುದು ಕಾಣುವ ಅಕ್ಷರವನ್ನಲ್ಲ, ಒಳಗೆ ಇಟ್ಟಿರುವ ಚೂರುಗಳನ್ನು. ಲ ಒಂದು. ಕ ಎರಡು. ಅದನ್ನು ಅರ್ಧಾಕ್ಷರ ಮಾಡುವ ಚಿಹ್ನೆ ಮೂರು. ಷ ನಾಲ್ಕು. ಮತ್ತೆ ಅದೇ ಚಿಹ್ನೆ ಐದು. ಮ ಆರು. "ಈ" ಅನ್ನುವ ಸ್ವರದ ಚಿಹ್ನೆ ಏಳು.

ನನಗೆ ಟೆಸ್ಟಿಂಗ್‌ನಲ್ಲಿ ಸಿಕ್ಕ ಮೊದಲ ಒಳ್ಳೆಯ ಬಗ್ ಇದೇ. ಹೆಸರು ತುಂಬುವ ಜಾಗಕ್ಕೆ 15ರ ಮಿತಿ ಇಟ್ಟಿದ್ದರು. ನನ್ನ ಕಾದಂಬರಿಯ ಲಕ್ಷ್ಮೀನರಸಿಂಹಮೂರ್ತಿಯ ಹೆಸರು ಹಾಕಿದೆ. ನಮಗೆ ಎಂಟೇ ಅಕ್ಷರ, ಅದಕ್ಕೆ 19. "ಲಕ್ಷ್ಮೀನರಸಿಂಹಮೂ" ಅಂತ ಅರ್ಧಕ್ಕೆ ನಿಂತಿತು.

ನಿಮ್ಮ ಪಾತ್ರದ ಹೆಸರುಗಳನ್ನು ಎಣಿಸಲು ಇದು ಅಡ್ಡ ಬರುವುದಿಲ್ಲ. ಆದರೆ "ಲಕ್ಷ್ಮೀ" ಹುಡುಕಿದರೆ "ಲಕ್ಷ್ಮಿ" ಸಿಗುವುದಿಲ್ಲ, ನೀವು ನಾಲ್ಕು ವರ್ಷದಲ್ಲಿ ಎರಡೂ ಥರ ಬರೆದಿರುತ್ತೀರಿ. ಮೊದಲು ಎರಡನ್ನೂ ಬೇರೆ ಬೇರೆ ಎಣಿಸಿ. ಎಷ್ಟೆಷ್ಟು ಬಂತು ಅಂತ ಇಲ್ಲಿ ಹಾಕಿ, ಅಲ್ಲಿಂದ ಮುಂದೆ ನೋಡೋಣ.